ಹಳೆಯ ಮಹೀಂದ್ರಾ ಪಿಕಪ್‌ಗೆ ಯಾವ ಎಂಜಿನ್ ಆಯಿಲ್ ಸೂಕ್ತ?

ಚನ್ನಗಿರಿ ತೋಟದವರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಂದೆಯವರು 1993ರಲ್ಲಿ ಕೊಂಡ ಮಹೀಂದ್ರಾ ಪಿಕಪ್ ನಮ್ಮ ಮನೆಯಲ್ಲಿದೆ. ಪ್ಯೂಜೋ ವಿನ್ಯಾಸದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್, 2112 ಸಿಸಿ. ಒಂದು ಕಾಲದಲ್ಲಿ ಅಡಿಕೆ ಚೀಲ ಹೊತ್ತು ಭೀಮಸಮುದ್ರಕ್ಕೆ ವಾರಕ್ಕೆರಡು ಸಲ ಹೋಗಿಬರುತ್ತಿದ್ದ ಗಾಡಿ ಇದು. ತಂದೆಯವರು ತೀರಿಕೊಂಡ ಮೇಲೆ ಮೂರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ಬ್ಯಾಟರಿ, ಡೀಸೆಲ್ ಪೈಪು, ಬ್ರೇಕು ಎಲ್ಲವನ್ನೂ ಸರಿಮಾಡಿಸಿ ಮತ್ತೆ ರಸ್ತೆಗೆ ಇಳಿಸಿದ್ದೇನೆ. ಈಗ ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು.

ಆಯಿಲ್ ಬದಲಾಯಿಸಬೇಕೆಂದು ಹೊರಟರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಮ್ಮೂರಿನ ಗ್ಯಾರೇಜಿನವರು, ಎಂಜಿನ್ ಸವೆದಿದೆ, ದಪ್ಪನೆಯ 20ಡಬ್ಲ್ಯು-50 ಹಾಕಿ, ಅದಕ್ಕೂ ಮೊದಲು ಒಂದು ಲೀಟರ್ ಸೀಮೆಎಣ್ಣೆ ಸುರಿದು ಒಳಗೆಲ್ಲ ತೊಳೆದುಬಿಡೋಣ ಎನ್ನುತ್ತಾರೆ. ಆಯಿಲ್ ಅಂಗಡಿಯವರು ಫುಲ್ ಸಿಂಥೆಟಿಕ್ ಒಂದೇ ದಾರಿ ಎಂದರು. ತಂದೆಯವರ ಸ್ನೇಹಿತರೊಬ್ಬರಂತೂ, ಹಳೆಯ ಎಂಜಿನ್ನಿಗೆ ಒಳ್ಳೆಯ ಆಯಿಲ್ ಹಾಕಿದರೆ ಕೂತಿರುವ ಕೊಳೆ ಎದ್ದು ಸೀಲುಗಳೆಲ್ಲ ಸೋರುತ್ತವೆ, ಮುಟ್ಟಲೇಬೇಡ ಎಂದು ಎಚ್ಚರಿಸಿದ್ದಾರೆ.

ಲಕ್ಷಣಗಳು ಹೀಗಿವೆ: ಎಂಜಿನ್ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಶರ್ ಮುಳ್ಳು ಬಹುತೇಕ ಕೆಳಕ್ಕೆ ಬೀಳುತ್ತದೆ, ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಎರಡು ಮೂರು ಹನಿ ಇರುತ್ತದೆ, ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಕಪ್ಪಗೆ ಕಾಣುತ್ತದೆ. ಈ ಗಾಡಿಯನ್ನು ನಾನು ಮಾರುವವನಲ್ಲ, ಇನ್ನೂ ಇಪ್ಪತ್ತು ವರ್ಷ ಓಡಬೇಕೆಂಬುದು ನನ್ನ ಆಸೆ. ತಿಳಿದವರು ದಯವಿಟ್ಟು ಹೇಳಿ.

ಪಿ.ಬಿ. ರಸ್ತೆಯ ಡೀಸೆಲ್ ಮೆಕ್ಯಾನಿಕ್, ದಾವಣಗೆರೆ:

ಚನ್ನಗಿರಿಯ ಅಣ್ಣನವರೇ, ಯಾವ ಆಯಿಲ್ ಎಂದು ತೀರ್ಮಾನಿಸುವ ಮೊದಲು ಆ ಮುಳ್ಳು ನಿಜ ಹೇಳುತ್ತಿದೆಯೇ ಎಂದು ನೋಡಿಕೊಳ್ಳಿ. ಮೂವತ್ತು ವರ್ಷದ ಗಾಡಿಯಲ್ಲಿ ಆಯಿಲಿನ ಒತ್ತಡವನ್ನು ಮುಳ್ಳಿಗೆ ತಿಳಿಸುವ ಪ್ರೆಶರ್ ಸೆಂಡರ್ ಕೆಟ್ಟಿರುವುದು, ಅರ್ತ್ ವೈರು ಸಡಿಲವಾಗಿರುವುದು ತೀರ ಸಾಮಾನ್ಯ. ಸೆಂಡರ್ ಬಿಚ್ಚಿ, ಆ ಜಾಗಕ್ಕೆ ಪೈಪಿನಿಂದ ನೇರವಾಗಿ ಒತ್ತಡ ತೋರಿಸುವ ಮೀಟರ್ ಜೋಡಿಸಿ, ಗಾಡಿಯನ್ನು ಇಪ್ಪತ್ತು ಕಿಲೋಮೀಟರ್ ಓಡಿಸಿ ಚೆನ್ನಾಗಿ ಕಾಯಿಸಿದ ಮೇಲೆ ಓದಬೇಕು. ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಎಂಬುದು ನಾವು ಗ್ಯಾರೇಜಿನವರು ಇಟ್ಟುಕೊಂಡಿರುವ ಅಂದಾಜು. ಅಷ್ಟು ಬರುತ್ತಿದ್ದರೆ 20ಡಬ್ಲ್ಯು-50ರ ಗೊಡವೆಯೇ ಬೇಡ, 15ಡಬ್ಲ್ಯು-40 ಹಾಕಿ. ಬರದಿದ್ದರೆ ದಪ್ಪ ಆಯಿಲ್ ಮುಳ್ಳನ್ನು ಸ್ವಲ್ಪ ಮೇಲೆತ್ತುತ್ತದೆ ನಿಜ, ಆದರೆ ಸವೆದ ಬೇರಿಂಗ್ ಸವೆದೇ ಇರುತ್ತದೆ, ಕಾಯಿಲೆ ಮುಚ್ಚಿಟ್ಟಂತಾಗುತ್ತದೆ. ಎಂಜಿನ್ ಬಿಚ್ಚುವವರೆಗೆ ಕೆಲವು ತಿಂಗಳು ದೂಡಲು ಮಾತ್ರ ನಾನು ಅದನ್ನು ಒಪ್ಪುತ್ತೇನೆ.

ಸೀಮೆಎಣ್ಣೆಯಿಂದ ತೊಳೆಯುವುದಕ್ಕೆ ಖಂಡಿತ ಒಪ್ಪಬೇಡಿ. ಹಿಂದೆ ನಾನೂ ಆ ಕೆಲಸ ಮಾಡಿದ್ದೇನೆ, ಅದರಿಂದ ಒಬ್ಬರ ಗಾಡಿಯ ಬೇರಿಂಗ್ ಹೋಗಿದ್ದನ್ನು ಕಣ್ಣಾರೆ ಕಂಡ ಮೇಲೆ ಬಿಟ್ಟೆ. ಸೀಮೆಎಣ್ಣೆಗೆ ಬೇರಿಂಗನ್ನು ತೇಲಿಸಿ ಹಿಡಿಯುವ ಶಕ್ತಿಯಿಲ್ಲ. ಡ್ರೇನ್ ಮಾಡಿದರೂ ನಾಳಗಳಲ್ಲಿ ಉಳಿದು ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ, ಒಮ್ಮೆಲೇ ಎದ್ದ ಕೊಳೆ ಆಯಿಲ್ ಪಂಪಿನ ಜಾಲರಿಗೆ ಹೋಗಿ ಮೆತ್ತಿಕೊಳ್ಳುತ್ತದೆ. ಒಳ್ಳೆಯ ಡೀಸೆಲ್ ಆಯಿಲಿನಲ್ಲೇ ಕೊಳೆ ಬಿಡಿಸುವ ಗುಣವಿದೆ, ಅದು ನಿಧಾನವಾಗಿ ಮಾಡಲಿ. ಮೊದಲ ಸಲ ಹಾಕಿದ ಆಯಿಲನ್ನು 500 ಕಿಲೋಮೀಟರಿಗೆ ಫಿಲ್ಟರ್ ಸಮೇತ ತೆಗೆಯಿರಿ, ಎರಡನೆಯದನ್ನು 1500ಕ್ಕೆ ತೆಗೆಯಿರಿ. ದುಬಾರಿ ಅನ್ನಿಸಬಹುದು, ಆದರೆ ಇದಕ್ಕಿಂತ ಸುರಕ್ಷಿತವಾದ ದಾರಿ ನನಗೆ ಗೊತ್ತಿಲ್ಲ.

ಬದಲಾಯಿಸುವಾಗ ಗಾಡಿ ಹತ್ತು ಕಿಲೋಮೀಟರಾದರೂ ಓಡಿರಲಿ. ತಣ್ಣಗಿನ ಆಯಿಲ್ ಇಳಿದರೆ ಕೊಳೆ ಸಂಪಿನ, ಅಂದರೆ ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿಯ, ತಳದಲ್ಲೇ ಉಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಆಯಿಲ್ ಇಳಿಸುವ ಪ್ಲಗ್ ತೆಗೆದು ಅರ್ಧ ಗಂಟೆ ಸುಮ್ಮನೆ ಬಿಡಿ. ಪ್ಲಗ್ಗಿನ ತುದಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ: ಬೂದಿಯಂಥ ನುಣುಪು ಪುಡಿಯಿದ್ದರೆ ಚಿಂತೆಯಿಲ್ಲ, ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಅಲ್ಲಿಗೆ ನಿಲ್ಲಿಸಿ ಯಾರಿಗಾದರೂ ತೋರಿಸಿ. ವಾಷರ್ ಪ್ರತಿ ಸಲವೂ ಹೊಸದೇ ಆಗಬೇಕು. ಸೋರದಿರಲೆಂದು ಉದ್ದದ ಸ್ಪ್ಯಾನರ್ ಹಾಕಿ ಬಿಗಿದು ಸಂಪಿನ ತಿರುಪಿನ ಮರೆ ಹಾಳುಮಾಡಿಕೊಂಡವರು ನನ್ನ ಬಳಿ ತಿಂಗಳಿಗೊಬ್ಬರು ಬರುತ್ತಾರೆ. ಫಿಲ್ಟರ್ ತೆಗೆದಾಗ ಅದರ ಹಳೆಯ ರಬ್ಬರ್ ಸೀಲು ಎಂಜಿನ್ನಿಗೇ ಅಂಟಿಕೊಂಡು ಉಳಿದಿಲ್ಲವೆಂದು ಕೈಯಿಂದ ಮುಟ್ಟಿ ಖಾತ್ರಿಮಾಡಿಕೊಳ್ಳಿ. ಎರಡು ಸೀಲು ಒಂದರ ಮೇಲೊಂದು ಕೂತರೆ ಅರ್ಧ ದಾರಿಯಲ್ಲಿ ಆಯಿಲೆಲ್ಲ ಚೆಲ್ಲಿಹೋಗುತ್ತದೆ.

ಆಯಿಲ್ ತುಂಬಿದ ಮೇಲೆ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದುಕೊಂಡೇ ಸೆಲ್ಫ್ ಹೊಡೆಯಿರಿ. ಎಂಜಿನ್ ಹತ್ತಿಕೊಳ್ಳದೆ ಬರಿದೇ ತಿರುಗುತ್ತದೆ, ಮೀಟರಿನಲ್ಲಿ ಒತ್ತಡ ಕಂಡ ಮೇಲೆ ಗುಂಡಿ ಬಿಟ್ಟು ಸ್ಟಾರ್ಟ್ ಮಾಡಿ. ಖಾಲಿ ಫಿಲ್ಟರ್ ತುಂಬುವವರೆಗೆ ಬೇರಿಂಗುಗಳು ಒಣಗಿ ಓಡುವುದು ಇದರಿಂದ ತಪ್ಪುತ್ತದೆ. ಎಷ್ಟು ಲೀಟರ್ ಎಂದು ಡಬ್ಬಿ ನೋಡಿ ಲೆಕ್ಕ ಹಾಕಬೇಡಿ, ಡಿಪ್ ಸ್ಟಿಕ್‌ನ ಮೇಲಿನ ಗೆರೆಯನ್ನೇ ನಂಬಿ.

ರಸಾಯನಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ:

ಮೇಲಿನವರ ಮಾತನ್ನು ಒಪ್ಪುತ್ತಲೇ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕೆನಿಸಿತು, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಆಯಿಲಿನ ದಪ್ಪವನ್ನು ವಿಂಗಡಿಸುವ ಎಸ್‌ಎಇ ಮಾನದಂಡದಲ್ಲಿ ಕೊನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ಮಂದವಾಗಿರುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು: 40 ಎಂದರೆ 12.5ರಿಂದ 16.3 ಸೆಂಟಿಸ್ಟೋಕ್ (ಮಂದತೆಯ ಅಳತೆ), 50 ಎಂದರೆ 16.3ರಿಂದ 21.9. ಡಬ್ಲ್ಯು ಎಂಬುದು ಚಳಿಗಾಲದ ಗುರುತು. 15ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯು ಆಯಿಲನ್ನು 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ನಮ್ಮ ದುರ್ಗದಲ್ಲಾಗಲಿ ಚನ್ನಗಿರಿಯಲ್ಲಾಗಲಿ ಅಂಥ ಚಳಿ ಎಲ್ಲಿಯದು? ಆದ್ದರಿಂದ ಸ್ಟಾರ್ಟ್ ಆಗುವ ದೃಷ್ಟಿಯಿಂದ ಎರಡೂ ನಡೆಯುತ್ತವೆ. ಆದರೂ ಬೆಳಗಿನ ಮೊದಲ ಕ್ಷಣಗಳಲ್ಲಿ ಮೇಲಿನ ವಾಲ್ವುಗಳವರೆಗೆ ಬೇಗ ಏರುವುದು ತೆಳುವಾದ ಆಯಿಲೇ ಎಂಬ ಕಾರಣಕ್ಕೆ ನನ್ನ ಒಲವು 15ಡಬ್ಲ್ಯು-40ರ ಕಡೆಗಿದೆ.

ಅಂಕಿಗಿಂತ ಮುಖ್ಯವಾದದ್ದು ಡಬ್ಬಿಯ ಮೇಲಿನ ಎಪಿಐ ದರ್ಜೆ, ಅಂದರೆ ಆಯಿಲ್ ಯಾವ ಬಗೆಯ ಎಂಜಿನ್ನಿಗೆ ತಕ್ಕದ್ದೆಂಬ ಗುರುತು. ಎಸ್ ಅಕ್ಷರದಿಂದ ಶುರುವಾಗುವುದು ಪೆಟ್ರೋಲ್ ಎಂಜಿನ್ನಿನದು, ಸಿ ಅಕ್ಷರದ್ದು ಡೀಸೆಲಿನದು. ಪೆಟ್ರೋಲ್ ಕಾರಿಗೆಂದೇ ಮಾಡಿದ ಆಯಿಲನ್ನು, ಅದೆಷ್ಟೇ ದುಬಾರಿಯಾಗಿರಲಿ, ಈ ಎಂಜಿನ್ನಿಗೆ ಹಾಕಬಾರದು. ಮಸಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಸಾಲದು. 2002ರಲ್ಲಿ ಬಂದ ಸಿಐ-4 ದರ್ಜೆ ನಿಮಗೆ ಬೇಕಾದಷ್ಟಾಯಿತು. 2016ರ ಸಿಕೆ-4 ಹೊಗೆಕೊಳವೆಯಲ್ಲಿ ಮಸಿ ಸೋಸುವ ಫಿಲ್ಟರ್ ಇರುವ ಹೊಸ ವಾಹನಗಳನ್ನೂ ಗಮನದಲ್ಲಿಟ್ಟು ಬೂದಿಯ ಅಂಶಕ್ಕೆ ಮಿತಿ ಹಾಕಿದ ದರ್ಜೆ. ನಿಮ್ಮ ಗಾಡಿಗೆ ಆ ಫಿಲ್ಟರೇ ಇಲ್ಲ.

ಆಯಿಲ್ ಕಪ್ಪಾಗಿದೆಯೆಂದು ಬೇಸರಿಸಬೇಡಿ. ಈ ಬಗೆಯ ಎಂಜಿನ್ನಿನಲ್ಲಿ ಡೀಸೆಲ್ ಮೊದಲು ಪಕ್ಕದ ಚಿಕ್ಕ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ, ಮಸಿ ಸಾಕಷ್ಟು ಹುಟ್ಟುತ್ತದೆ. ಅದು ಆಯಿಲಿನಲ್ಲಿ ತೇಲುತ್ತಿದೆಯೆಂದರೆ ಲೋಹದ ಮೇಲೆ ಕೂತಿಲ್ಲ ಎಂದೇ ಅರ್ಥ. ಬೇರೆ ಮೂರು ಲಕ್ಷಣಗಳಿಗೆ ಮಾತ್ರ ಹೆದರಬೇಕು: ಡೀಸೆಲ್ ವಾಸನೆ, ಹಾಲು ಬೆರೆತಂಥ ಬಣ್ಣ, ತಾನಾಗಿಯೇ ಏರುವ ಮಟ್ಟ. ಮೊದಲನೆಯದು ಇಂಜೆಕ್ಟರ್ ತೊಟ್ಟಿಕ್ಕುತ್ತಿರುವುದಕ್ಕೆ, ಎರಡನೆಯದು ನೀರು ಸೇರಿರುವುದಕ್ಕೆ ಗುರುತು. ಮೂರನೆಯದು ಎರಡರಲ್ಲಿ ಯಾವುದರಿಂದಲೂ ಆಗಬಹುದು.

ಎಷ್ಟು ದಿನಕ್ಕೆ ಎಂಬ ಪ್ರಶ್ನೆಗೆ ಒಂದು ಸಂತೋಷದ ಸಂಗತಿಯಿದೆ. 2000ದ ಹೊತ್ತಿಗೂ ನಮ್ಮ ಡೀಸೆಲಿನಲ್ಲಿ ಗಂಧಕದ ಮಿತಿ 2500 ಪಿಪಿಎಂ ಇತ್ತು. 2020ರ ಏಪ್ರಿಲ್‌ನಿಂದ ಬಿಎಸ್ 6 ಡೀಸೆಲಿನಲ್ಲಿ ಅದು 10. ಗಂಧಕ ಉರಿದು ಹುಟ್ಟುವ ಆಮ್ಲವನ್ನು ಕೊಲ್ಲುವುದರಲ್ಲೇ ಆಗಿನ ಆಯಿಲಿನ ಕ್ಷಾರಗುಣ ಖರ್ಚಾಗುತ್ತಿತ್ತು, ಈಗ ಆ ಹೊರೆ ಬಹಳ ಇಳಿದಿದೆ. ಆದರೆ ತೋಟದಿಂದ ಊರಿಗೆ ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಆಯಿಲ್ ಪೂರ್ತಿ ಕಾಯುವುದೇ ಇಲ್ಲ, ಒಳಗೆ ಕೂಡಿದ ತೇವ ಆರುವುದಿಲ್ಲ. ಹಾಗಾಗಿ ಕಿಲೋಮೀಟರ್ ಎಷ್ಟೇ ಆಗಿರಲಿ, ಶುದ್ಧಿಯ ಆ ಎರಡು ಸುತ್ತು ಮುಗಿದ ಮೇಲೆ ವರ್ಷಕ್ಕೊಮ್ಮೆ ಬದಲಾಯಿಸಿ. ವರ್ಷಕ್ಕೊಮ್ಮೆ ಚೆಲ್ಲುವ ಆಯಿಲ್ ಸಿಂಥೆಟಿಕ್ ಆಗಬೇಕಿಲ್ಲ, ಮಿನರಲ್ ಸಾಕು. ಸಿಂಥೆಟಿಕ್ ಸೀಲನ್ನು ತಿನ್ನುತ್ತದೆ ಎಂಬುದು ಸರಿಯಲ್ಲ. ಮೊದಲೇ ಗಟ್ಟಿಯಾಗಿ ಬಿರಿದ ಸೀಲಿನ ಸೋರಿಕೆಯನ್ನು ಕೊಳೆ ಮುಚ್ಚಿರುತ್ತದೆ, ಕೊಳೆ ಹೋದಾಗ ಅದು ಹೊರಗೆ ಕಾಣುತ್ತದೆ ಅಷ್ಟೆ.

ಹೊಳಲ್ಕೆರೆ ಕಡೆಯವರು:

ಒಂದು ವಿಷಯವನ್ನು ಇಬ್ಬರೂ ಬಿಟ್ಟಿದ್ದೀರಿ. ಈ ಕಾಲದ ಮಹೀಂದ್ರಾ ಗಾಡಿಗಳಲ್ಲಿ ಏರ್ ಕ್ಲೀನರ್ ಗಾಳಿಯ ಧೂಳನ್ನು ಆಯಿಲಿನಲ್ಲಿ ಹಿಡಿಯುವ ಬಟ್ಟಲಿನದ್ದಾಗಿದ್ದರೆ, ಆ ಬಟ್ಟಲಿಗೂ ಗುರುತಿನವರೆಗೆ ಎಂಜಿನ್ ಆಯಿಲನ್ನೇ ತುಂಬಬೇಕು. ನಮ್ಮ ಕಡೆ ಅದಿರಿನ ಲಾರಿಗಳ ಹಿಂದೆ ಹೋದರೆ ಹದಿನೈದು ದಿನಕ್ಕೇ ಅದರಲ್ಲಿ ಕೆಂಪು ಕೆಸರು ಕೂರುತ್ತದೆ. ಬಟ್ಟಲು ಒಣಗಿದ್ದರೆ ಆ ಧೂಳು ನೇರ ಸಿಲಿಂಡರಿಗೆ ಹೋಗಿ ರಿಂಗುಗಳನ್ನು ಅರೆದುಹಾಕುತ್ತದೆ, ಆಮೇಲೆ ಸಂಪಿಗೆ ಯಾವ ಆಯಿಲ್ ಹಾಕಿಯೂ ಫಲವಿಲ್ಲ. ಹಾಗೆಯೇ ತೆಗೆದ ಆಯಿಲನ್ನು ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಿರಲೆಂದು ಬಳಿಯುವ ರೂಢಿ ತೋಟಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ, ಮಳೆಗೆ ಅದು ಬಾವಿಗೇ ಸೇರುತ್ತದೆ. 2016ರ ಕೇಂದ್ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಹಳೆಯ ಡಬ್ಬಿಯಲ್ಲೇ ತುಂಬಿಸಿ, ಬಳಸಿದ ಆಯಿಲನ್ನು ಅನುಮತಿ ಪಡೆದ ಮರುಸಂಸ್ಕರಣೆಯವರಿಗೆ ಕಳಿಸುವ ವರ್ಕ್‌ಶಾಪಿಗೆ ಕೊಟ್ಟುಬಿಡಿ.

ಚನ್ನಗಿರಿ ತೋಟದವರು:

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಕಳೆದ ಭಾನುವಾರ ಸಂತೆಬೆನ್ನೂರು ಮಾರ್ಗವಾಗಿ ದಾವಣಗೆರೆಗೆ ಗಾಡಿ ಓಡಿಸಿಕೊಂಡು ಹೋಗಿ, ಬಿಸಿಯಿರುವಾಗಲೇ ಮೀಟರ್ ಜೋಡಿಸಿ ನೋಡಿಸಿದೆ. ಐಡ್ಲಿಂಗ್‌ನಲ್ಲಿ 18, ಎರಡು ಸಾವಿರ ಆರ್‌ಪಿಎಂನಲ್ಲಿ 40ಕ್ಕಿಂತ ಸ್ವಲ್ಪ ಮೇಲೆ ಬಂತು. ಕೆಟ್ಟಿದ್ದು ಸೆಂಡರ್ ಮಾತ್ರ. 15ಡಬ್ಲ್ಯು-40, ಸಿಐ-4, ಮಿನರಲ್ ಆಯಿಲ್ ತಂದು ನನ್ನ ಕೈಯಾರೆ ಬದಲಾಯಿಸಿದೆ. ಪ್ಲಗ್ಗಿನಲ್ಲಿ ಬೂದಿ ಬಣ್ಣದ ಪುಡಿಯಿತ್ತು, ಚೂರುಗಳಿರಲಿಲ್ಲ. ಏರ್ ಕ್ಲೀನರ್ ಬಟ್ಟಲು ಮಾತ್ರ ಹೊಳಲ್ಕೆರೆಯವರು ಹೇಳಿದಂತೆಯೇ ಪೂರ್ತಿ ಒಣಗಿ ತಳದಲ್ಲಿ ಒಂದು ಬೆರಳು ಗಟ್ಟಿ ಮಣ್ಣು ಕಟ್ಟಿತ್ತು. ಡೀಸೆಲಿನಲ್ಲಿ ತೊಳೆದು, ಒರೆಸಿ, ಗುರುತಿನವರೆಗೆ ತುಂಬಿದ್ದೇನೆ. ಬೆಳಗಿನ ಹನಿಗಳು ಈಗಲೂ ಎರಡು ಮೂರೇ ಇವೆ, ಹೆಚ್ಚಾಗಿಲ್ಲ. ಮುಂದಿನ ಬದಲಾವಣೆಯ ಕಿಲೋಮೀಟರನ್ನು ಚೀಟಿಯಲ್ಲಿ ಬರೆದು, ತಂದೆಯವರು ಅಂಟಿಸುತ್ತಿದ್ದ ಜಾಗದಲ್ಲೇ, ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ.