ಮುರುಗಲ ತುಪ್ಪ ಸಾಕಾ ಡಾಕ್ಟ್ರೇ? ಚಳಿಗಾಲದ ಒಣ ಚರ್ಮದ ಪ್ರಶ್ನೋತ್ತರ

ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಶಿರಸಿಯ ಒಬ್ಬ ಆಯುರ್ವೇದ ವೈದ್ಯೆ. ಮನೆಯಲ್ಲಿ ಅಡಿಕೆ ತೋಟವೂ ಇದೆ. ಹಾಗಾಗಿ ಅಡಿಕೆ ಸುಲಿದು ಚೊಗರು (ಒಗರು ರಸ) ಹತ್ತಿದ ಕೈಯ ಕಷ್ಟ ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ.

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ): ಡಾಕ್ಟ್ರೇ, ನಮಸ್ಕಾರ. ದೀಪಾವಳಿ ಕಳೆದು ಚಳಿ ಶುರುವಾದರೆ ನನ್ನ ಕೈಕಾಲು ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಉಗುರು ತಾಗಿದರೆ ಗೆರೆ ಮೂಡುತ್ತದೆ. ಲೋಳೆಸರ ಹಚ್ಚಿದೆ. ಹಚ್ಚಿದಾಗ ತಂಪು, ಅರ್ಧ ಗಂಟೆಗೆ ಮತ್ತೆ ಬಿಗಿತ. ಬೇವು, ಅರಿಶಿನ ಅರೆದು ಹಚ್ಚಿದೆ, ಉರಿಯೇ ಜಾಸ್ತಿ ಆಯಿತು. ಅತ್ತೆ ಮುರುಗಲ (ಕೋಕಂ) ಬೀಜದ ತುಪ್ಪ ಹಚ್ಚು ಅನ್ನುತ್ತಾರೆ. ಅದೊಂದೇ ಸಾಕಾ?

ಉತ್ತರ: ಅತ್ತೆ ಹೇಳಿದ್ದನ್ನು ಕೇಳಿ. ಆದರೆ ಮೊದಲು ನನ್ನದೊಂದು ಪ್ರಶ್ನೆ. ಸ್ನಾನ ಹೇಗೆ ಮಾಡುತ್ತೀರಿ?

ಪ್ರಶ್ನೆ ಕೇಳಿದವರು: ಬಚ್ಚಲ ಹಂಡೆ ನೀರು. ಹಬೆ ಏಳುವಷ್ಟು ಬಿಸಿ ಇರಬೇಕು, ಇಲ್ಲದಿದ್ದರೆ ಸ್ನಾನ ಮಾಡಿದ ಹಾಗೇ ಆಗುವುದಿಲ್ಲ. ಸೋಪು ಬೆಳಿಗ್ಗೆ ಒಂದು ಸಲ, ತೋಟದಿಂದ ಬಂದ ಮೇಲೆ ಒಂದು ಸಲ.

ಉತ್ತರ: ಸಿಕ್ಕಿತು ನೋಡಿ ಕಳ್ಳ. ಚರ್ಮದ ಮೇಲ್ಪದರವನ್ನು ಹೆಂಚಿನ ಮಾಡು ಅಂದುಕೊಳ್ಳಿ. ಹೆಂಚುಗಳ ನಡುವೆ ಜಿಡ್ಡಿನ ಗಾರೆ ಇರುತ್ತದೆ. ಒಳಗಿನ ನೀರು ಹೊರಗೆ ಆರಿಹೋಗದ ಹಾಗೆ ತಡೆಯುವುದು ಅದೇ. ಕುದಿ ಕುದಿ ನೀರು ಆ ಜಿಡ್ಡನ್ನು ಕರಗಿಸುತ್ತದೆ. ಉಳಿದದ್ದನ್ನು ಸೋಪು ತೊಳೆಯುತ್ತದೆ. ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಕಡೆಗೆ ಇರುತ್ತದೆ, ಪಿಎಚ್ ಸುಮಾರು 5. ನಾವು ಹಚ್ಚುವ ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರದ ಕಡೆಗೆ. ದಿನಕ್ಕೆ ಎರಡು ಸಲ ಹೀಗೆ ತಿಕ್ಕಿದರೆ ಯಾವ ಸೊಪ್ಪು ಏನು ಮಾಡೀತು?

ಈಗ ಲೋಳೆಸರದ ವಿಷಯ. ಅದರ ತಿರುಳು ಹೆಚ್ಚುಕಡಿಮೆ ಪೂರ್ತಿ ನೀರೇ. ಹಚ್ಚಿದಾಗ ತಂಪು, ಆರಿದ ಮೇಲೆ ಬಿಗಿ. ನಿಮಗೆ ಆದದ್ದು ಅದೇ. ಲೋಳೆಸರ ಹಚ್ಚಿ ಅದು ಇನ್ನೂ ಹಸಿ ಇರುವಾಗಲೇ ಮೇಲೆ ಎಣ್ಣೆ ಹಚ್ಚಿದರೆ ಮಾತ್ರ ಕೆಲಸ ಕೊಡುತ್ತದೆ. ಎಲೆ ಕೊಯ್ದ ಕೂಡಲೇ ಹಚ್ಚಬೇಡಿ. ಹತ್ತು ನಿಮಿಷ ಕೊಯ್ದ ತುದಿ ಕೆಳಗೆ ಮಾಡಿ ಇಡಿ. ಹಳದಿ ರಸ ಸೋರಿಹೋಗಲಿ, ತುರಿಕೆ ತರುವುದು ಅದು. ಬೇವು ಒಣ ಚರ್ಮದ ಔಷಧವೇ ಅಲ್ಲ. ಅದು ಇನ್ನಷ್ಟು ಒಣಗಿಸುತ್ತದೆ. ಬೇವು ಅಂದರೆ ಎಲ್ಲದಕ್ಕೂ ಒಳ್ಳೆಯದು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ, ನಾನೇನು ಮಾಡಲಿ.

ಮುರುಗಲ ತುಪ್ಪಕ್ಕೆ ಬರುತ್ತೇನೆ. ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋದ ಮೇಲೆ ಉಳಿಯುತ್ತದಲ್ಲ ಬೀಜ, ಅದನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ತಣಿದ ಮೇಲೆ ಗಟ್ಟಿ ಉಂಡೆ. ನಮ್ಮ ಅಮ್ಮಮ್ಮ ಅದನ್ನು ಉಂಡೆ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಡಿಸೆಂಬರಿನಲ್ಲಿ ಮೊಮ್ಮಕ್ಕಳೆಲ್ಲ ಸಾಲಾಗಿ ಹಿಮ್ಮಡಿ ತೋರಿಸಬೇಕಿತ್ತು. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಸ್ಟಿಯರಿಕ್ ಆಮ್ಲ ಜಾಸ್ತಿ ಇರುವ ಗಟ್ಟಿ ಕೊಬ್ಬು. ಚರ್ಮದ ಮೇಲೆ ಕೂತು ನೀರು ಹೊರಗೆ ಹೋಗದ ಹಾಗೆ ಮುಚ್ಚುತ್ತದೆ. ಅಂಗಡಿಯ ಪೆಟ್ರೋಲಿಯಂ ಜೆಲ್ಲಿಯೂ ಮಾಡುವುದು ಅದನ್ನೇ. ತುಪ್ಪ ಸಿಗದವರು ಜೆಲ್ಲಿ ಹಚ್ಚಿದರೆ ಪಾಪ ಏನೂ ಬರುವುದಿಲ್ಲ.

ಬರೀ ಮುರುಗಲ ತುಪ್ಪ ಗಟ್ಟಿ, ಮೈಗೆ ಎಳೆಯುವುದು ಕಷ್ಟ. ಒಂದು ಚಮಚ ತುಪ್ಪಕ್ಕೆ ಮೂರು ಚಮಚ ತೆಂಗಿನೆಣ್ಣೆ ಹಾಕಿ, ಬಿಸಿ ನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ, ಡಬ್ಬಿಗೆ ಹಾಕಿಡಿ. ನೀರನ್ನು ಉಗುರು ಬೆಚ್ಚಗೆ ಮಾಡಿಕೊಳ್ಳಿ. ಸೋಪು ಕಂಕುಳು, ತೊಡೆಸಂದಿ, ಕಾಲಿಗೆ ಸಾಕು. ಹತ್ತು ನಿಮಿಷದೊಳಗೆ ಬಚ್ಚಲಿಂದ ಹೊರಗೆ ಬನ್ನಿ. ಟವೆಲಿನಲ್ಲಿ ತಿಕ್ಕಬೇಡಿ, ಒತ್ತಿ ಒರೆಸಿ. ಮೈ ಇನ್ನೂ ಒದ್ದೆ ಒದ್ದೆ ಇರುವಾಗಲೇ ಇದನ್ನು ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಏನನ್ನು ಹಿಡಿದಿಡುವುದು?

ಪ್ರಶ್ನೆ (ಸಿದ್ದಾಪುರ, ಕಾಲೇಜು ವಿದ್ಯಾರ್ಥಿ): ಮೇಡಂ, ನಮ್ಮಲ್ಲಿ ಬೆಳಿಗ್ಗೆ ಎಂಟರವರೆಗೂ ಮಂಜು. ಅಡಿಕೆ ಮರದ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುತ್ತದೆ. ಗಾಳಿಯಲ್ಲಿ ಅಷ್ಟು ನೀರಿದ್ದರೂ ತುಟಿ ಯಾಕೆ ಒಡೆಯುತ್ತದೆ?

ಉತ್ತರ: ಒಳ್ಳೆಯ ಪ್ರಶ್ನೆ ತಮ್ಮಾ. ತಣ್ಣನೆಯ ಗಾಳಿ ಸಣ್ಣ ಕೊಡ ಇದ್ದ ಹಾಗೆ. ತುಂಬಿ ತುಳುಕಿದರೂ ಅದರಲ್ಲಿರುವ ನೀರು ಸ್ವಲ್ಪವೇ. ಬಿಸಿಲೇರಿದ ಹಾಗೆ ಕೊಡ ದೊಡ್ಡದಾಗುತ್ತದೆ, ನೀರು ಮಾತ್ರ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಗಾಳಿ ಬಾಯಾರಿ ನಿಮ್ಮ ತುಟಿಯಿಂದ ಹೀರುತ್ತದೆ. ನಾಲಿಗೆಯಲ್ಲಿ ತುಟಿ ನೆಕ್ಕುವ ಚಟ ಇದ್ದರೆ ಬಿಡಿ, ಎಂಜಲು ಆರುವಾಗ ಇನ್ನೂ ಒಣಗಿಸುತ್ತದೆ. ಮಲಗುವಾಗ ತುಟಿಗೆ ಹಸುವಿನ ತುಪ್ಪ ಹಚ್ಚಿ. ಅಂದ ಹಾಗೆ, ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಬಾಟಲಿಯಲ್ಲಿ ಎಣ್ಣೆ ಬೆಳ್ಳಗಾದ ದಿನದಿಂದ ಮೈಗೆ ಹಚ್ಚಲು ಶುರು ಮಾಡಿ ಅಂತ ನನ್ನ ಹತ್ತಿರ ಬರುವವರಿಗೆ ಹೇಳುತ್ತೇನೆ. ಬೇರೆ ಥರ್ಮಾಮೀಟರ್ ಯಾಕೆ?

ಪ್ರಶ್ನೆ (ಯಲ್ಲಾಪುರ): ಅಕ್ಕಾ, ಅಡಿಕೆ ಕೊನೆ (ಗೊನೆ) ಕೊಯ್ಲು ನಡೆಯುತ್ತಿದೆ. ದಿನಾ ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುವುದು. ಚೊಗರು ಹತ್ತಿ ಕೈಯೆಲ್ಲ ಕಪ್ಪು, ಬೆರಳ ಸಂದಿ ಸೀಳಿದೆ. ಮುಂದಿನ ವಾರ ಮದುವೆ ಮನೆಗೆ ಹೋಗಬೇಕು. ನಿಂಬೆಹಣ್ಣು, ಸೋಡಾ ಹಾಕಿ ತಿಕ್ಕಿದರೆ ಕಲೆ ಹೋಗುತ್ತದೆ ಅಂತಾರೆ.

ಉತ್ತರ: ತಂಗೀ, ಅದೊಂದು ಮಾಡಬೇಡ. ಸೀಳಿದ ಕೈಗೆ ನಿಂಬೆಹಣ್ಣು ಹಾಕಿದರೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಸಾರು ಮುಟ್ಟಲೂ ಆಗುವುದಿಲ್ಲ. ಅಡಿಕೆಯ ಚೊಗರಿನಲ್ಲಿ ಇರುವುದು ಟ್ಯಾನಿನ್. ತೊಗಲು ಹದ ಮಾಡಲು ಗಿಡದ ತೊಗಟೆ ಬಳಸುತ್ತಾರಲ್ಲ, ಅದರಲ್ಲಿರುವುದೂ ಅದೇ ಜಾತಿಯದು. ಚರ್ಮದ ಪ್ರೋಟೀನಿಗೆ ಅಂಟಿ ಬಿಗಿ ಹಿಡಿಯುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಅಂದರೆ ನಮ್ಮ ಕೈಯನ್ನು ನಾವೇ ಹದ ಮಾಡಿ ಚಪ್ಪಲಿ ಮಾಡುತ್ತಿದ್ದೇವೆ. ಆ ಕಲೆ ಮೇಲ್ಪದರದ್ದು. ಮೇಲ್ಪದರ ಉದುರಿ ಹೊಸದು ಬರಲು ಸುಮಾರು ನಾಲ್ಕು ವಾರ ಬೇಕು, ಕಲೆಯೂ ಅದರ ಜೊತೆಗೇ ಹೋಗುತ್ತದೆ. ಅವಸರ ಮಾಡಿದರೆ ಚರ್ಮ ಹೋಗುತ್ತದೆ, ಕಲೆ ಉಳಿಯುತ್ತದೆ.

ಸುಲಿಯಲು ಕೂರುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡರೆ ಚೊಗರು ಅಷ್ಟು ಹಿಡಿಯುವುದಿಲ್ಲ.

ಯಲ್ಲಾಪುರದವರು: ಎಣ್ಣೆ ಕೈಯಲ್ಲಿ ಅಡಿಕೆ ಜಾರುತ್ತದಲ್ಲ ಅಕ್ಕಾ. ಹೋದ ವರ್ಷ ಹಾಗೇ ಮಾಡಿ ಹೆಬ್ಬೆರಳು ಕೊಯ್ದುಕೊಂಡೆ.

ಉತ್ತರ: ನೀನು ಹೇಳಿದ್ದೇ ಸರಿ, ನಾನು ಕತ್ತಿಯ ವಿಷಯ ಮರೆತೆ. ಹಾಗಾದರೆ ಎಣ್ಣೆ ಕೈಯ ಹಿಂಬದಿಗೆ, ಉಗುರಿನ ಬುಡಕ್ಕೆ ಮಾತ್ರ. ಅಂಗೈ ಮತ್ತು ಬೆರಳ ತುದಿ ಒರೆಸಿಕೊಂಡು ಕೂರು. ನಿಜವಾದ ಆರೈಕೆ ಸುಲಿದು ಎದ್ದ ಮೇಲೆ. ಮೊದಲು ಎಣ್ಣೆಯಲ್ಲೇ ಕೈ ತಿಕ್ಕು, ಆಮೇಲೆ ಕಡಲೆಹಿಟ್ಟು ಹಾಕಿ ಬೆಚ್ಚಗಿನ ನೀರಿನಲ್ಲಿ ತೊಳೆ. ಬಟ್ಟೆ ಸೋಪು ಬೇಡ. ಸೀಳಿಗೆ ಮುರುಗಲ ತುಪ್ಪ ಕರಗಿಸಿ ತುಂಬು. ಹಳೆ ಹತ್ತಿ ಸಾಕ್ಸ್ ಕೈಗೆ ಹಾಕಿಕೊಂಡು ಮಲಗು. ಮನೆಯವರು ನಗಲಿ, ನಮ್ಮನೆಯಲ್ಲೂ ನಗುತ್ತಾರೆ. ಸೀಳಿನಿಂದ ಕೀವು ಬಂದರೆ, ಸುತ್ತ ಕೆಂಪಾಗಿ ಬಿಸಿಯಾದರೆ ಡಾಕ್ಟರಿಗೆ ತೋರಿಸು.

ಪ್ರಶ್ನೆ (ಅಂಕೋಲಾ): ನನ್ನ ತಂದೆಗೆ 64 ವರ್ಷ. ಹಿಮ್ಮಡಿ ಬಿರುಕಿಗೆ ಗೇರೆಣ್ಣೆ ಹಚ್ಚಿದರು, ಮೊದಲಿಂದಲೂ ಹಚ್ಚುತ್ತಿದ್ದರಂತೆ. ಈ ಸಲ ಪಾದದ ಮೇಲೆ ಬೊಬ್ಬೆ ಎದ್ದಿದೆ. ಸಕ್ಕರೆ ಕಾಯಿಲೆಯೂ ಇದೆ.

ಉತ್ತರ: ಇದನ್ನು ಎಲ್ಲರೂ ಓದಲಿ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡೋಲ್ ಎರಡೂ ಬೊಬ್ಬೆ ಎಬ್ಬಿಸುವವು. ಗೇರುಬೀಜ ಸುಟ್ಟು ಒಡೆಯುವವರ ಬೆರಳು ನೋಡಿ, ಗೊತ್ತಾಗುತ್ತದೆ. ಹಿಮ್ಮಡಿ ದಪ್ಪ ಇರುವುದರಿಂದ ಕೆಲವರಿಗೆ ಅಲ್ಲಿ ತಡೆಯುತ್ತದೆ, ಪಕ್ಕದ ತೆಳು ಚರ್ಮಕ್ಕೆ ಹರಿದರೆ ಮುಗಿಯಿತು. ಅಲರ್ಜಿ ಅನ್ನುವುದು ಎಷ್ಟೋ ವರ್ಷ ಹಚ್ಚಿದ ಮೇಲೂ ಹೊಸದಾಗಿ ಬರಬಹುದು. ಹಿಂದೆ ಆಗಿರಲಿಲ್ಲ ಅನ್ನುವುದು ಲೆಕ್ಕಕ್ಕಿಲ್ಲ.

ಸಕ್ಕರೆ ಕಾಯಿಲೆ ಇರುವವರ ಪಾದ ಅಂದರೆ ನಾನು ಇಲ್ಲಿ ಕೂತು ಸಲಹೆ ಕೊಡುವುದಿಲ್ಲ. ಬೊಬ್ಬೆ ಒಡೆಯಬೇಡಿ, ಏನೂ ಹಚ್ಚಬೇಡಿ, ಇವತ್ತೇ ಕರೆದುಕೊಂಡು ಹೋಗಿ. ಅವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರಬಹುದು, ಬಿಸಿನೀರಿನಲ್ಲಿ ಕಾಲು ನೆನೆಸುವುದೂ ಅಪಾಯ. ಬೇರೆಯವರಾದರೆ ಹಿಮ್ಮಡಿಯನ್ನು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒರೆಸಿ, ತುಪ್ಪ ಹಚ್ಚಿ ಸಾಕ್ಸ್ ಹಾಕಬಹುದು. ಬಿರುಕು ಆಳ ಇದ್ದರೆ, ಸುತ್ತ ಗಟ್ಟಿ ಚರ್ಮ ಕಟ್ಟಿದ್ದರೆ ಯೂರಿಯಾ ಇರುವ ಕ್ರೀಮು ನಮ್ಮ ಯಾವ ಸೊಪ್ಪಿಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಆಯುರ್ವೇದದವಳು ಹೀಗೆ ಹೇಳುತ್ತಾಳಲ್ಲ ಅಂತ ಅನ್ನಿಸಿದರೆ ಅನ್ನಿಸಲಿ.

ಪ್ರಶ್ನೆ (ಕಾರವಾರ): ಮೇಡಂ, ನಮ್ಮಲ್ಲಿ ಶಿರಸಿಯಷ್ಟು ಚಳಿ ಇಲ್ಲ. ಆದರೂ ಐದು ತಿಂಗಳ ಮಗುವಿನ ಕೆನ್ನೆ, ಮೊಣಕಾಲು ಒರಟಾಗಿದೆ. ಅಜ್ಜಿ ಕಡಲೆಹಿಟ್ಟು ಹಾಕಿ ತಿಕ್ಕುತ್ತಾರೆ. ಶೀತಕ್ಕೂ ಆಗುತ್ತದೆ ಅಂತ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚುತ್ತಾರೆ.

ಉತ್ತರ: ಕರ್ಪೂರ ಇವತ್ತೇ ನಿಲ್ಲಿಸಿ. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಸಣ್ಣ ಮಕ್ಕಳಿಗೆ ಫಿಟ್ಸ್ ಬರುವುದುಂಟು. ಅಜ್ಜಿಯ ಹತ್ತಿರ ಜಗಳ ಬೇಡ, "ಡಾಕ್ಟ್ರು ಬೇಡ ಅಂದ್ರು" ಅಂತ ನನ್ನ ಮೇಲೆ ಹಾಕಿ. ಹಿಟ್ಟಿನಲ್ಲಿ ತಿಕ್ಕುವುದೂ ಬೇಡ, ಮಗುವಿನ ಚರ್ಮ ತುಂಬ ತೆಳು. ಬರೀ ತೆಂಗಿನೆಣ್ಣೆ ಮೆತ್ತಗೆ ಸವರಿ, ಸಾಕು. ಕರಾವಳಿಯಲ್ಲೂ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಗಾಳಿ ಘಟ್ಟದ ಕಡೆಯಿಂದ ಬೀಸುತ್ತದೆ, ಅದು ಒಣ ಗಾಳಿ. ಕೆನ್ನೆ ಕೆಂಪಾಗಿ ನೀರು ಒಸರಿದರೆ, ತುರಿಕೆಗೆ ಮಗು ನಿದ್ದೆ ಮಾಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅದು ಎಕ್ಸಿಮಾ ಇರಬಹುದು.

ಪ್ರಶ್ನೆ (ಕುಮಟಾ): ನನಗೆ ಸೊಂಟದ ಹತ್ತಿರ ದುಂಡಗೆ ತುರಿಕೆ. ಚಳಿಗೆ ಒಣಗಿದ್ದು ಅಂತ ಅಂಗಡಿಯಲ್ಲಿ ಕೇಳಿ ಟ್ಯೂಬ್ ಹಚ್ಚಿದೆ. ಮೂರು ದಿನಕ್ಕೆ ಕಡಿಮೆ, ಬಿಟ್ಟರೆ ದುಪ್ಪಟ್ಟು.

ಉತ್ತರ: ಅಂಚು ಕೆಂಪು, ನಡುವೆ ತಿಳಿ ಇದ್ದರೆ ಅದು ಹುಳುಕಡ್ಡಿ ಇರಬಹುದು. ನೀವು ಹಚ್ಚಿದ್ದರಲ್ಲಿ ಸ್ಟಿರಾಯ್ಡ್ ಇರುವ ಹಾಗೆ ಕಾಣುತ್ತದೆ. ಟ್ಯೂಬ್ ಜೊತೆಗೆ ಇಟ್ಟುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಎಣ್ಣೆ, ತುಪ್ಪ ಅದಕ್ಕೆ ಆಗುವುದಿಲ್ಲ. ಮನೆಮಂದಿಗೆಲ್ಲ ರಾತ್ರಿ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಅದು ಕಜ್ಜಿ. ಅದಕ್ಕೂ ಬೇರೆಯೇ ಔಷಧ.

ಮೊದಲ ಪ್ರಶ್ನೆ ಕೇಳಿದವರು: ಡಾಕ್ಟ್ರೇ, ಐದು ದಿನವಾಯಿತು. ನೀರಿನ ಬಿಸಿ ಕಡಿಮೆ ಮಾಡಿದ್ದೇನೆ, ನಡುಗುತ್ತಾ ಸ್ನಾನ. ಕಾಲು ಮಾತ್ರ ಮೆತ್ತಗಾಗಿದೆ. ಮುರುಗಲ ತುಪ್ಪ ಮುಗಿಯುತ್ತಾ ಬಂತು. ಅತ್ತೆಯ ಡಬ್ಬಿಯಲ್ಲಿ ಹಳೆಯದೊಂದು ಉಂಡೆ ಇದೆ, ಅದು ಉಪ್ಪಾಗೆ ತುಪ್ಪ ಅಂತೆ. ಆಗುತ್ತದಾ?

ಉತ್ತರ: ಉಪ್ಪಾಗೆಯೂ ಮುರುಗಲಿನ ನೆಂಟನೇ. ತಿನ್ನುವ ತುಪ್ಪವನ್ನು ಹಿಮ್ಮಡಿಗೆ ಹಚ್ಚುವುದಕ್ಕೆ ಅತ್ತೆ ಒಪ್ಪಬೇಕಷ್ಟೇ. ಮೊದಲು ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಕೆಂಪಾಗದಿದ್ದರೆ ಧೈರ್ಯವಾಗಿ ಹಚ್ಚಿ. ಉಂಡೆಯನ್ನು ಮೂಸಿಯೂ ನೋಡಿ. ಕಮಟು ವಾಸನೆ ಬಂದರೆ ಮೈಗೆ ಬೇಡ. ಹೊಸದು ಬೇಕಾದರೆ ಮುರುಗಲು ಹಣ್ಣಾಗುವ ಬೇಸಿಗೆಯಲ್ಲಿ ಬೀಜ ಎಸೆಯದೆ ಒಣಗಿಸಿ ಇಡಿ. ಅಲ್ಲಿಯವರೆಗೆ ತೆಂಗಿನೆಣ್ಣೆ ಇದ್ದೇ ಇದೆ, ಬಾಟಲಿಯನ್ನು ಸ್ವಲ್ಪ ಹೊತ್ತು ಬಚ್ಚಲ ಒಲೆಯ ಹತ್ತಿರ ಇಟ್ಟರೆ ಕರಗುತ್ತದೆ.