ಲಾಸ್ ಏಂಜಲೀಸ್ ಪಕ್ಕದ ಸಾಂಟಾ ಮೋನಿಕಾ ಬೆಟ್ಟಗಳು: ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದೊಯ್ಯಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ವಾಸವಾಗಿದ್ದೇವೆ. ಫೆಬ್ರುವರಿಯಲ್ಲಿ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಇಂದಿಗೂ ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಅಮ್ಮನಿಗೆ ಮಂಡಿನೋವು ಇರುವುದರಿಂದ ಏರಿಲ್ಲದ ದಾರಿಯಲ್ಲಿ ನಿಧಾನವಾಗಿ ನಡೆಯಬಲ್ಲರು, ಅಷ್ಟೇ. ಬೆಟ್ಟ ಮತ್ತು ಸಮುದ್ರ ಎರಡನ್ನೂ ಒಟ್ಟಿಗೆ ತೋರಿಸಬಹುದೆಂದು ಸಾಂಟಾ ಮೋನಿಕಾ ಬೆಟ್ಟಗಳ ರಾಷ್ಟ್ರೀಯ ವಿಹಾರ ಪ್ರದೇಶವನ್ನು ಆರಿಸಿಕೊಂಡೆ. ಆದರೆ ನಕ್ಷೆ ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಇದರ ಮುಖ್ಯದ್ವಾರ ಎಲ್ಲಿದೆ? 2018 ಮತ್ತು 2025ರ ಕಾಡ್ಗಿಚ್ಚುಗಳ ನಂತರ ಅಲ್ಲಿ ನೋಡುವಂಥದ್ದು ಉಳಿದಿದೆಯೇ?

ಉತ್ತರ 1

ಇದಕ್ಕೆ ಮುಖ್ಯದ್ವಾರವೆಂಬುದೇ ಇಲ್ಲ. ನಿಮ್ಮ ಗೊಂದಲಕ್ಕೆ ಕಾರಣವೂ ಅದೇ. 1978ರಲ್ಲಿ ಸ್ಥಾಪನೆಯಾದ ಈ ಪ್ರದೇಶದ ವಿಸ್ತಾರ ಒಂದೂವರೆ ಲಕ್ಷ ಎಕರೆಗೂ ಹೆಚ್ಚು. ಆದರೆ ಅದರೊಳಗೆ ಕೇಂದ್ರ ಸರ್ಕಾರದ ಜಾಗ, ಕ್ಯಾಲಿಫೋರ್ನಿಯಾ ರಾಜ್ಯದ ಉದ್ಯಾನಗಳು, ಸ್ಥಳೀಯ ಸಂಸ್ಥೆಗಳ ಭೂಮಿ ಮತ್ತು ಖಾಸಗಿ ಮನೆಗಳು ಕೌದಿಯ ತುಂಡುಗಳಂತೆ ಸೇರಿಕೊಂಡಿವೆ. ಹಾಗಾಗಿ ಪಾರ್ಕಿಂಗ್ ಶುಲ್ಕದಿಂದ ಹಿಡಿದು ನಾಯಿಯನ್ನು ಕರೆದೊಯ್ಯುವವರೆಗೆ ಒಂದೊಂದು ಕಡೆ ಒಂದೊಂದು ನಿಯಮವಿದೆ.

ಕ್ಯಾಲಬಾಸಸ್ ಬಳಿಯ ಕಿಂಗ್ ಜಿಲೆಟ್ ರಾಂಚ್‌ನಲ್ಲಿರುವ ಸಂದರ್ಶಕರ ಕೇಂದ್ರದಿಂದ ಆರಂಭಿಸಿ. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಅಲ್ಲಿನ ರೇಂಜರ್‌ಗಳು ನಕ್ಷೆಯ ಮೇಲೆ ಗುರುತು ಹಾಕಿ ತೋರಿಸುತ್ತಾರೆ. ಹತ್ತಿರದಲ್ಲೇ ಲಾಸ್ ವರ್ಜೆನೆಸ್ ರಸ್ತೆಯಲ್ಲಿ ವೆಂಕಟೇಶ್ವರ ದೇವಸ್ಥಾನವಿದೆ. ಒಣಬೆಟ್ಟಗಳ ನಡುವೆ ಬೆಳ್ಳನೆಯ ಗೋಪುರ ಕಂಡಾಗ ನನ್ನ ಅತ್ತೆಯವರು ಕಾರು ನಿಲ್ಲಿಸುವ ಮೊದಲೇ ಕೈ ಮುಗಿದಿದ್ದರು. ನಿಮ್ಮ ತಾಯಿಯವರಿಗೂ ಅಲ್ಲಿ ಸಮಾಧಾನ ಸಿಗುತ್ತದೆ.

ಅಲ್ಲಿಂದ ಬೆಟ್ಟ ದಾಟಿ ಸಮುದ್ರದ ಕಡೆ ಇಳಿದರೆ ಸೋಲ್‌ಸ್ಟಿಸ್ ಕಣಿವೆ. ತೊರೆಯ ಪಕ್ಕದ ಅಗಲವಾದ ದಾರಿ, ಓಕ್ ಮತ್ತು ಸಿಕಮೋರ್ ಮರಗಳ ನೆರಳು. ವಾಸ್ತುಶಿಲ್ಪಿ ಪಾಲ್ ವಿಲಿಯಮ್ಸ್ 1952ರಲ್ಲಿ ಕಟ್ಟಿದ ಮನೆಯೊಂದು ಕಣಿವೆಯ ಒಳಭಾಗದಲ್ಲಿತ್ತು. 1982ರ ಬೆಂಕಿಯಲ್ಲಿ ಅದು ಸುಟ್ಟುಹೋಗಿ, ಈಗ ಕಲ್ಲಿನ ಮೆಟ್ಟಿಲು, ಹೊಗೆಗೂಡು, ನೆಲಗಟ್ಟು ಉಳಿದಿವೆ. ಪಕ್ಕದಲ್ಲೇ ಪುಟ್ಟ ಜಲಪಾತ. ಅಮ್ಮ ಅಲ್ಲಿಯವರೆಗೆ ಬರಲಾಗದಿದ್ದರೂ ಅರ್ಧ ದಾರಿ ನಡೆದು ತೊರೆಯ ಬಳಿ ಕುಳಿತರೆ ಸಾಕು. ವಾರಾಂತ್ಯದಲ್ಲಿ ಪಾರ್ಕಿಂಗ್ ಬೇಗ ತುಂಬುವುದರಿಂದ ಬೆಳಿಗ್ಗೆಯೇ ಹೋಗಿ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಚಾಮುಂಡಿ ಹತ್ತುವ ತಂದೆಯವರನ್ನು ಸ್ಯಾಂಡ್‌ಸ್ಟೋನ್ ಶಿಖರಕ್ಕೆ ಕರೆದೊಯ್ಯದೆ ಕಳುಹಿಸಬೇಡಿ. 3,111 ಅಡಿ ಎತ್ತರದ ಈ ಶಿಖರವೇ ಇಡೀ ಶ್ರೇಣಿಯಲ್ಲಿ ಎತ್ತರದ್ದು. ಹೆಸರಿನಲ್ಲಿ ಮರಳುಗಲ್ಲು ಇದ್ದರೂ ಬಂಡೆ ಜ್ವಾಲಾಮುಖಿಯದು. ಮೇಲ್ಭಾಗದಲ್ಲಿ ಕೈಯಿಟ್ಟರೆ ಹಳೆಯ ಲಾವಾದೊಳಗೆ ಸಿಕ್ಕಿಕೊಂಡ ಚೂಪು ಕಲ್ಲುಗಳು ತಾಗುತ್ತವೆ. ಮಿಶೆ ಮೋಕ್ವಾ ದಾರಿಯ ಸುತ್ತು ಸುಮಾರು 6 ಮೈಲಿ. ಆಕಾಶ ತಿಳಿಯಾಗಿದ್ದರೆ ಚಾನೆಲ್ ದ್ವೀಪಗಳು ಕಾಣುತ್ತವೆ.

ಬೆಂಕಿಯ ವಿಷಯ. 2018ರ ವೂಲ್ಸಿ ಕಾಡ್ಗಿಚ್ಚಿನಲ್ಲಿ ಇಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯ ಜಾಗದಲ್ಲಿ ಶೇ 88ರಷ್ಟು ಸುಟ್ಟಿತು. 2025ರ ಜನವರಿಯಲ್ಲಿ ಪೂರ್ವದ ಕಡೆ ಟೊಪಾಂಗಾದ ಕಾಡು ಉರಿಯಿತು, ಹಳೆಯ ಕಾಲದ ಹಾಸ್ಯನಟ ವಿಲ್ ರೋಜರ್ಸ್ ಅವರ ಚಾರಿತ್ರಿಕ ಮನೆ ನಾಶವಾಯಿತು. ಆದರೂ ಇಲ್ಲಿನ ಕುರುಚಲು ಕಾಡಿನ ಅನೇಕ ಗಿಡಗಳು ಬುಡದಿಂದಲೇ ಮತ್ತೆ ಚಿಗುರುತ್ತವೆ. ಕಪ್ಪಾದ ಒಣ ಕಡ್ಡಿಗಳ ನಡುವೆ ಲಾರೆಲ್ ಸುಮ್ಯಾಕ್ ಎಂಬ ಪೊದೆಯ ಕೆಂಪು ಚಿಗುರು ಏಳುವುದನ್ನು ನಾನು ಬೆಂಕಿಯ ಮರುವರ್ಷವೇ ಕಂಡೆ. ಪದೇಪದೇ ಬೆಂಕಿ ಬಿದ್ದರೆ ಮಾತ್ರ ಈ ಶಕ್ತಿ ಕುಂದಿ, ಆ ಜಾಗವನ್ನು ಹೊರಗಿನಿಂದ ಬಂದ ಹುಲ್ಲು ಆಕ್ರಮಿಸುತ್ತದೆ. ಆ ಹುಲ್ಲು ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಗುರುತಿಸಿದ ದಾರಿ ಬಿಟ್ಟು ಎಳೆಯ ಚಿಗುರು ತುಳಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಫೆಬ್ರುವರಿ ಮಳೆಗಾಲ. ಜೋರು ಮಳೆಯಾದ ಮರುದಿನ ಕಣಿವೆಯ ರಸ್ತೆಗಳಲ್ಲಿ ಕಲ್ಲು ಮಣ್ಣು ಕುಸಿಯುವುದುಂಟು; ಅಂದು ಹೋಗಲೇಬೇಡಿ.

ಉತ್ತರ 3

ಒಂದು ಎಚ್ಚರಿಕೆ: ಪಾಯ್ಸನ್ ಓಕ್. ಗೇರು, ಮಾವುಗಳ ಕುಟುಂಬಕ್ಕೆ ಸೇರಿದ ಗಿಡವಿದು. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದಾಗ ಆಗುವಂತೆ ಇದರ ಎಣ್ಣೆಯಿಂದಲೂ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ಮೂರು ಮೂರು ಎಲೆಗಳ ಗೊಂಚಲಿನಿಂದ ಗುರುತಿಸಬಹುದು. ಆದರೆ ಚಳಿಗಾಲದಲ್ಲಿ ಎಲೆ ಉದುರಿ ಬರಿಯ ಕಡ್ಡಿ ಉಳಿದಿರುತ್ತದೆ, ಆ ಕಡ್ಡಿಯಲ್ಲೂ ಎಣ್ಣೆ ಇರುತ್ತದೆ. ಜನವರಿಯಲ್ಲಿ ತೊರೆ ದಾಟುವಾಗ ಅಂಥದೊಂದು ಕಡ್ಡಿಯನ್ನು ಆಸರೆಗೆ ಹಿಡಿದು ನಾನು ಎರಡು ವಾರ ನರಳಿದೆ. ಉದ್ದ ತೋಳಿನ ಅಂಗಿ ಹಾಕಿಸಿ.

ಇಲ್ಲಿ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳೂ ಇವೆ, ಆದರೆ ಮನುಷ್ಯರ ಕಣ್ಣಿಗೆ ಬೀಳುವುದು ತೀರಾ ಅಪರೂಪ. ಪಿ-22 ಎಂಬ ಗಂಡು ಪ್ಯೂಮಾ ಎರಡು ಹೆದ್ದಾರಿಗಳನ್ನು ದಾಟಿ ನಗರದ ನಡುವಿನ ಗ್ರಿಫಿತ್ ಪಾರ್ಕ್ ಸೇರಿ, 2022ರ ಡಿಸೆಂಬರ್‌ನಲ್ಲಿ ಕೊನೆಯುಸಿರೆಳೆಯುವವರೆಗೂ ಒಂಟಿಯಾಗಿಯೇ ಬದುಕಿತು. ಅಗೌರಾ ಹಿಲ್ಸ್ ಬಳಿ 101 ಹೆದ್ದಾರಿಯ ಮೇಲೆ ಪ್ರಾಣಿಗಳಿಗಾಗಿ ಸೇತುವೆ ಕಟ್ಟುವ ಕೆಲಸ ಅದೇ ವರ್ಷದ ಏಪ್ರಿಲ್‌ನಲ್ಲಿ ಆರಂಭವಾಯಿತು. ನೀವು ಆ ದಾರಿಯಲ್ಲೇ ಬರುವುದಾದರೆ ತಂದೆಯವರಿಗೆ ಖಂಡಿತ ತೋರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲ ದಿನ ಸಂದರ್ಶಕರ ಕೇಂದ್ರ, ದೇವಸ್ಥಾನ, ಸೋಲ್‌ಸ್ಟಿಸ್ ಕಣಿವೆ. ಮಳೆ ಬಿಡುವು ಕೊಟ್ಟ ಇನ್ನೊಂದು ದಿನ ಅಪ್ಪ ಮತ್ತು ನಾನು ಶಿಖರಕ್ಕೆ ಎಂದು ನಿರ್ಧರಿಸಿದ್ದೇವೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಮಂಡಿಯವರೆಗಿನ ಕಾಲುಚೀಲ ಹುಡುಕಲು ಆಗಲೇ ಆರಂಭಿಸಿದ್ದಾರೆ.