ಅಪ್‌ಡೇಟ್: 32ನೇ ವಯಸ್ಸಿಗೆ ಹಾಕಿಸಿದ ಬ್ರೇಸಸ್ ಕೊನೆಗೂ ಬಿಚ್ಚಿದರು

ಎರಡು ವರ್ಷದ ಹಿಂದೆ "ಈ ವಯಸ್ಸಲ್ಲಿ ಹಲ್ಲಿಗೆ ತಂತಿ ಹಾಕಿಸಬಹುದಾ?" ಅಂತ ಕೇಳಿದ್ದೆ. ಹಾಕಿಸಿದೆ, ಮೊನ್ನೆ ಬಿಚ್ಚಿದರು. 18 ತಿಂಗಳು ಅಂದಿದ್ದು 23 ಆಯ್ತು. ನಡುವೆ ಎರಡು ಸಲ ಬ್ರಾಕೆಟ್ (ತಂತಿ ಹಿಡಿದಿಡೋಕೆ ಹಲ್ಲಿಗೆ ಅಂಟಿಸೋ ಪುಟ್ಟ ತುಂಡು) ಕಿತ್ತುಬಂತು, ಒಮ್ಮೆ ಕೋಡುಬಳೆ ಕಡಿದು (ತಪ್ಪು ನಂದೇ). ತಂತಿ ಬಿಗಿ ಮಾಡಿದಾಗಲೆಲ್ಲ ಎರಡು-ಮೂರು ದಿನ ಮೊಸರನ್ನವೇ ಗತಿ. ಚಪಾತಿಯನ್ನೂ ಸಾರಲ್ಲಿ ನೆನೆಸಿ ತಿಂದಿದ್ದೀನಿ. ಕೆನ್ನೆ ಒಳಗೆ ಗೀರಿದಾಗ ತಂತಿಗೆ ಮೇಣದ ಉಂಡೆ ಅಂಟಿಸಿಕೊಂಡೇ ಮೀಟಿಂಗ್‌ಗೆ ಕೂತಿದ್ದೆ.

ಹಲ್ಲು ಸಾಲಾಗಿ ನಿಂತಿವೆ, ಖುಷಿಯಿದೆ. ಬೇಜಾರು ಒಂದೇ: ರಿಟೇನರ್ (ಬ್ರೇಸಸ್ ಬಿಚ್ಚಿದ ಮೇಲೆ ಹಲ್ಲನ್ನ ಅದೇ ಜಾಗದಲ್ಲಿ ಹಿಡಿದಿಡೋಕೆ ಹಾಕೋ ಸಾಧನ) ವಿಷಯ ಕೊನೇ ದಿನ ಹೇಳಿದರು. ಹಾಕದಿದ್ದರೆ ಹಲ್ಲು ಮತ್ತೆ ಹಳೇ ಜಾಗಕ್ಕೆ ಸರಿಯುತ್ತಂತೆ, ವರ್ಷಗಟ್ಟಲೆ ರಾತ್ರಿ ಹಾಕ್ಕೋಬೇಕು. ನೀವು ಮೊದಲೇ ಕೇಳಿಕೊಳ್ಳಿ. ನಿನ್ನೆ ಸೀಬೆಹಣ್ಣನ್ನ ಹೆಚ್ಚದೆ, ಇಡಿಯಾಗಿ ಕಚ್ಚಿ ತಿಂದೆ.